ಮಾವನ ಮರದ ಸಟ್ಟುಗ

ಸೋಮವಾರ ಬೆಳಿಗ್ಗೆ ಚಿಕ್ಕಮ್ಮ ಏಪ್ರನ್ನಿನ ದಾರ ಬಿಗಿದುಕೊಳ್ಳುತ್ತ ಒಳಗೆ ಬಂದಾಗ ಅಜ್ಜಿ ಗೋಡೆ ಬಿಟ್ಟು ತೊಟ್ಟಿಯ ತಳದಲ್ಲಿ ಬಿದ್ದಿದ್ದಳು.

ಅಜ್ಜಿ ಎಂದ ಕೂಡಲೇ ಗಾಬರಿ ಬೇಡ, ಮನುಷ್ಯರ ಅಜ್ಜಿಯಲ್ಲ. ಸಮುದ್ರದ ಬಂಡೆಗೆ ಅಂಟಿಕೊಂಡು ಬದುಕುವ ಒಂದು ಪ್ರಾಣಿ. ಪುಸ್ತಕದಲ್ಲಿ ಅದರ ಹೆಸರು ಅಬಲೋನ್. ಕಿವಿಯ ಆಕಾರದ ಚಿಪ್ಪಾದ್ದರಿಂದ ಕೆಲಸದವರ ಬಾಯಲ್ಲಿ ಕಿವಿಚಿಪ್ಪು. ಮೇಲೊಂದು ಚಿಪ್ಪು, ಕೆಳಗೆ ಇಡೀ ಮೈಯೇ ಒಂದು ಪಾದ. ಆ ಪಾದ ಊರಿ ಬಂಡೆ ಹಿಡಿಯಿತೆಂದರೆ ಬಡಪೆಟ್ಟಿಗೆ ಬಿಡುವ ಪೈಕಿಯಲ್ಲ. ರುಚಿಯಾಗಿದೆ ಅಂತ ಜನ ತಿಂದರು, ತಿಂದು ಚಿಪ್ಪನ್ನು ಗುಂಡಿ ಮಾಡಿ ಅಂಗಿಗೆ ಹೊಲಿದುಕೊಂಡರು. ಈಗ ಸಮುದ್ರದಲ್ಲಿ ಉಳಿದಿರುವವು ಎಷ್ಟು ದೂರ ದೂರ ಇವೆಯೆಂದರೆ ಗಂಡು ಎಲ್ಲೋ, ಹೆಣ್ಣು ಎಲ್ಲೋ, ಮರಿ ಹುಟ್ಟುವ ಮಾತೇ ಇಲ್ಲ. ಅದಕ್ಕೇ ದಂಡೆಯ ಮೇಲೆ ಈ ಮರಿಕೇಂದ್ರ. ಮುಂದಿನ ಹಾಲಿನಲ್ಲಿ ಆರು ತೊಟ್ಟಿ, ತೊಟ್ಟಿಗೆ ನಾಲ್ಕರಂತೆ ಇಪ್ಪತ್ತನಾಲ್ಕು ಹಿರಿಯರು. ಹಿಂದಿನ ಕೋಣೆಯಲ್ಲಿ ಹೆಬ್ಬೆರಳಿನ ಉಗುರಿನಗಲದ ನಾನೂರ ಹನ್ನೆರಡು ಮರಿಗಳು. ಇನ್ನು ಎರಡು ತಿಂಗಳಿಗೆ ಅವು ಸಮುದ್ರಕ್ಕೆ ಹೋಗಬೇಕು. ಅದರಲ್ಲಿ ಮುಕ್ಕಾಲು ಪಾಲು ಒಂದನೇ ತೊಟ್ಟಿಯ ಅಜ್ಜಿಯ ಹೊಟ್ಟೆಯವೇ.

ಚಿಕ್ಕಮ್ಮನೂ ಅಲ್ಲಿ ಯಾರಿಗೂ ಚಿಕ್ಕಮ್ಮನಲ್ಲ. ಹನ್ನೊಂದು ವರ್ಷದಿಂದ ತೊಟ್ಟಿ ತೊಳೆದು, ಕಡಲಪಾಚಿ ತಿನ್ನಿಸಿ, ವಾರಕ್ಕೊಮ್ಮೆ ಒಂದೊಂದನ್ನೂ ಎತ್ತಿ ತೂಕ ಮಾಡುವವಳು. ಯಾರೋ ಒಬ್ಬರು ಕರೆದರು, ಹೆಸರು ಅಂಟಿಕೊಂಡಿತು. ಅವಳಿಗೂ ಬೇಜಾರಿರಲಿಲ್ಲ. ಪ್ರಾಣಿಗಳಿಗೆ ಹೆಸರಿಡುವುದರಲ್ಲಿ ಅವಳೇ ಎಲ್ಲರಿಗಿಂತ ಮುಂದು.

ತೊಟ್ಟಿಯೊಳಗೆ ಕೈಯಿಟ್ಟು ಅಜ್ಜಿಯನ್ನು ಮೆಲ್ಲನೆ ತಿರುಗಿಸಿದಳು. ತಿರುಗಿದಳು! ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ಅಜ್ಜಿ ಸುಮ್ಮನೆ ತಿರುಗಿದವಳಲ್ಲ. ಪಾದ ಸೊರಗಿ, ದೊಡ್ಡವರ ಚಪ್ಪಲಿಗೆ ಮಗು ಕಾಲಿಟ್ಟ ಹಾಗೆ, ಚಿಪ್ಪಿನ ನಡುವೆ ಇಷ್ಟೇ ಇಷ್ಟು ಉಳಿದಿತ್ತು. ಮೊನ್ನೆ ಹಾಕಿದ ಪಾಚಿ ಹಾಗೇ ತೇಲುತ್ತಿತ್ತು.

ಡಾಕ್ಟರಮ್ಮ ಬಂದು ನೋಡಿದರು. ಕೇಂದ್ರದ ಪಶುವೈದ್ಯೆ, ಎಲ್ಲರಿಗೂ ಮೇಲಿನವರು, ನಲವತ್ತರ ಹರೆಯ, ಮಾತು ಕಡಿಮೆ. ಎಲ್ಲ ತೊಟ್ಟಿಗಳಿಂದ ಹಿಕ್ಕೆಯ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು. ಬುಧವಾರ ಫಲಿತಾಂಶ ಬಂತು. ಸೊರಗುರೋಗ.

"ಇದೊಂದು ಬ್ಯಾಕ್ಟೀರಿಯಾ" ಎಂದರು ಡಾಕ್ಟರಮ್ಮ, ಎಲ್ಲರನ್ನೂ ನಿಲ್ಲಿಸಿಕೊಂಡು. "ಹೊಟ್ಟೆಯ ಒಳಪದರದಲ್ಲಿ ಗೂಡು ಕಟ್ಟುತ್ತೆ. ತಿಂದಿದ್ದು ಮೈಗೆ ಹತ್ತಲ್ಲ. ಆಮೇಲೆ ತಿನ್ನೋದೂ ಇಲ್ಲ. ಮೈಯಲ್ಲಿರೋ ಮಾಂಸವನ್ನೇ ಕರಗಿಸಿಕೊಂಡು ಬದುಕುತ್ತೆ. ನೀರು ತಣ್ಣಗಿದ್ರೆ ಇದು ಸುಮ್ಮನಿರುತ್ತೆ, ಈ ಸಲ ಎರಡು ಡಿಗ್ರಿ ಬೆಚ್ಚಗಾಯ್ತಲ್ಲ, ಎದ್ದು ಕೂತಿದೆ."

"ಔಷಧಿ ಇದೆಯಾ?" ಎಂದು ಕೇಳಿದವನು ನೀರಣ್ಣ.

ನೀರಣ್ಣ ಪಂಪಿನ ಮನೆಯವನು. ಸಮುದ್ರದ ನೀರನ್ನು ಎತ್ತಿ, ಸೋಸಿ, ನೇರಳೆ ಬೆಳಕಿನ ದೀಪಗಳ ಕೆಳಗೆ ಹಾಯಿಸಿ ರೋಗಾಣು ಸಾಯಿಸಿ, ಪ್ರತಿ ತೊಟ್ಟಿಗೂ ಬೇರೆ ಬೇರೆ ಕೊಳವೆಯಲ್ಲಿ ಕಳಿಸುವವನು. ಇನ್ನೆರಡು ವರ್ಷಕ್ಕೆ ನಿವೃತ್ತಿ. ತನ್ನ ನೀರಿನ ಬಗ್ಗೆ ಯಾರಾದರೂ ಒಂದು ಮಾತೆತ್ತಿದರೆ ಮೂರು ದಿನ ಮುಖ ಊದಿಸಿಕೊಳ್ಳುವ ಆಸಾಮಿ.

"ಔಷಧಿ ಇದೆ. ಹಿರಿಯರನ್ನ ಉಳಿಸಿಕೊಳ್ಳೋಕೆ ನೋಡಬಹುದು. ಕಷ್ಟ ಇರೋದು ಮರಿಗಳದ್ದು" ಎಂದರು ಡಾಕ್ಟರಮ್ಮ. "ಅಳಿಯನಿಗೂ ಈ ರೋಗ ಇದೆ."

ಈ ಅಳಿಯನ ಕತೆ ಹೇಳಲೇಬೇಕು. ನಾಲ್ಕು ತಿಂಗಳ ಹಿಂದೆ ಸಮುದ್ರದಿಂದ ಒಂದು ಗಂಡು ಸಿಕ್ಕಿತ್ತು. ದಷ್ಟಪುಷ್ಟ. ಇಲ್ಲಿನ ಹೆಣ್ಣುಗಳಿಗೆ ಹೊಸ ರಕ್ತ ಬೇಕೆಂದು ತಂದು, ಬಾಗಿಲ ಪಕ್ಕದ ಪ್ರತ್ಯೇಕ ಕೋಣೆಯಲ್ಲಿ ಇಟ್ಟಿದ್ದರು. 'ಅಳಿಯ' ಎಂದು ಹೆಸರಿಟ್ಟವಳು ಚಿಕ್ಕಮ್ಮನೇ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿತ್ತು. ಎರಡನೆಯದರಲ್ಲಿ ಬಣ್ಣ ಬಯಲಾಯಿತು.

"ಅಳಿಯ ಇರೋದು ಬೇರೆ ಕೋಣೇಲಿ. ಅವನ ನೀರು ಬೇರೆ, ಅವನ ಸಾಮಾನು ಬೇರೆ. ಅಲ್ಲಿಂದ ಹಾಲಿಗೆ ಬರೋಕೆ ದಾರಿಯೇ ಇಲ್ಲ. ಎರಡೂ ಕಡೆಗೆ ಬಂದಿದೆ ಅಂದ್ರೆ ಸಮುದ್ರದ ನೀರಿನ ಜೊತೆಗೇ ಬಂದಿದೆ. ಅಂದ್ರೆ ದೀಪಗಳು ಕೆಲಸ ಮಾಡಿಲ್ಲ. ಅದೇ ನೀರು ಹಿಂದಿನ ಕೋಣೆಗೂ ಹೋಗಿದೆ."

ಯಾರೂ ನೀರಣ್ಣನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದೇ ನೋಡಿದ್ದಕ್ಕಿಂತ ಹೆಚ್ಚಾಗಿತ್ತು.

"ಮೇಲಿನ ಕಚೇರಿಯ ನಿಯಮ ಇದು. ನೀರಿಂದ ಬಂದಿದ್ರೆ ಮರಿಗಳನ್ನ ಸಮುದ್ರಕ್ಕೆ ಬಿಡೋ ಹಾಗಿಲ್ಲ. ಇಟ್ಟುಕೊಳ್ಳೋ ಹಾಗೂ ಇಲ್ಲ. ಇಷ್ಟು ಚಿಕ್ಕದರಲ್ಲಿ ಪರೀಕ್ಷೆ ಮಾಡಿ ಇಲ್ಲ ಅಂತ ಬಂದ್ರೂ ನಂಬೋಕಾಗಲ್ಲ, ಅಳಿಯನನ್ನ ನೋಡಿದ್ವಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ನಾನು ವರದಿ ಕಳಿಸಬೇಕು." ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುವಂಥದ್ದು ಕನ್ನಡಕದ ಮೇಲೆ ಏನೂ ಇರಲಿಲ್ಲ.

ನೀರಣ್ಣ ಒಂದು ಮಾತೂ ಆಡಲಿಲ್ಲ. ಆಡದಿದ್ದದ್ದು ಚಿಕ್ಕಮ್ಮನಿಗೆ ವಿಚಿತ್ರವೆನಿಸಿತು. ಈ ಮನುಷ್ಯ ನೀರಿನ ಬಣ್ಣ ಸ್ವಲ್ಪ ಮಂದ ಎಂದದ್ದಕ್ಕೇ ರಂಪ ಮಾಡಿದವನು. ಇವತ್ತು ಬಾಯಿಗೆ ಬೀಗ.

ಮಧ್ಯಾಹ್ನ ಅವಳು ಗೋಡೆಯ ಮೇಲಿನ ತೂಕದ ಫಲಕದ ಧೂಳು ಒರೆಸಲು ಹೋದಳು. ವಾರವಾರದ ತೂಕ ಅವಳೇ ಬರೆದದ್ದು. ಬರೆಯುವಾಗ ಕಣ್ಣಿಗೆ ಬೀಳದ್ದು ಈಗ ಬಿತ್ತು. ಒಂದನೇ ತೊಟ್ಟಿಯವರು ತುಂಬ ಇಳಿದಿದ್ದರು. ಎರಡನೆಯದರವರು ಅದಕ್ಕಿಂತ ಕಡಿಮೆ. ಮೂರನೆಯದರಲ್ಲಿ ಒಬ್ಬ ಮಾತ್ರ, ಅದೂ ಸ್ವಲ್ಪವೇ. ನಾಲ್ಕು, ಐದು, ಆರರಲ್ಲಿ ಎಲ್ಲರೂ ಗುಂಡುಕಲ್ಲಿನಂತೆ ಇದ್ದರು. ನೀರಿನಿಂದ ಬಂದ ರೋಗ ಹೀಗೆ ಬಾಗಿಲ ಕಡೆಯಿಂದ ಸಾಲಾಗಿ ಯಾಕೆ ಬರಬೇಕು? ಆರೂ ತೊಟ್ಟಿಗೆ ನೀರು ಬರುವುದು ಏಕಕಾಲಕ್ಕೆ.

ಸಾಲಾಗಿ ಬರುವುದು ಒಂದೇ ಒಂದು. ಅವಳ ಕೈ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಚಿಕ್ಕಮ್ಮ ಏಪ್ರನ್ನಿನ ಜೇಬು ಮುಟ್ಟಿ ನೋಡಿಕೊಂಡಳು. ಒಳಗೆ ಸಟ್ಟುಗ ಇತ್ತು, ಗೋಡೆಗೆ ಅಂಟಿಕೊಂಡ ಹಿರಿಯರನ್ನು ತೂಕಕ್ಕೆ ಎಬ್ಬಿಸುವ ಸಟ್ಟುಗ.

ಅದು ಅವಳ ಮಾವ ಕೆತ್ತಿದ್ದು. ಮಾವ ಬಡಗಿ. ತೀರಿಕೊಂಡು ಆರು ವರ್ಷವಾಯಿತು. ಚಪ್ಪಟೆಯಾದ, ಅಂಚು ಗುಂಡಗೆ ತಿದ್ದಿದ, ಎಲೆಯಷ್ಟು ತೆಳ್ಳಗಿನ ಮರದ ಸಟ್ಟುಗ. ಕಿವಿಚಿಪ್ಪಿಗೆ ಗಾಯವಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ, ಹರಿದು ಹರಿದೇ ಸಾಯುತ್ತದೆ. ಮೂರು ವರ್ಷದ ಹಿಂದೆ ಕೇಂದ್ರದ ಪ್ಲಾಸ್ಟಿಕ್ ಸಟ್ಟುಗದ ಅಂಚು ಸೀಳಿದ್ದು ಗಮನಕ್ಕೆ ಬಾರದೆ ಅವಳ ಕೈಯಲ್ಲೇ ಒಂದು ಹೆಣ್ಣು ಹಾಗೆ ಸತ್ತಿತ್ತು. ಅಂದಿನಿಂದ ಚಿಕ್ಕಮ್ಮ ಮನೆಯ ಸಟ್ಟುಗ ತಂದಳು. ಹಿರಿಯರನ್ನು ಎಬ್ಬಿಸುವಾಗ ಯಾರೂ ಇಲ್ಲದ ಹೊತ್ತು ನೋಡಿ ಅದನ್ನೇ ಬಳಸಿದಳು. ಒಂದು ಗೀರೂ ಬಿದ್ದಿರಲಿಲ್ಲ.

ನಿಯಮ ಗೋಡೆಯ ಮೇಲೇ ಇತ್ತು: ತೊಟ್ಟಿಗೊಂದು ಸಟ್ಟುಗ, ಬಳಸಿದ ಮೇಲೆ ರೋಗಾಣು ಕೊಲ್ಲುವ ಔಷಧಿಯ ಬಕೆಟ್ಟಿಗೆ. ಆ ಔಷಧಿಗೆ ಅದ್ದಿದರೆ ಮರ ಸೀಳುತ್ತದೆಂದು ಇವಳು ನಲ್ಲಿ ನೀರಲ್ಲಿ ತೊಳೆಯುತ್ತಿದ್ದಳು. ಇನ್ನೊಂದು ನಿಯಮವೂ ಇತ್ತು: ಪ್ರತ್ಯೇಕ ಕೋಣೆಯ ಕೆಲಸ ಕಟ್ಟಕಡೆಗೆ. ಆದರೆ ಮನೆಗೆ ಬಂದ ಅಳಿಯನಿಗೆ ಕೊನೆಯಲ್ಲಿ ಬಡಿಸುವುದುಂಟೇ? ಪ್ರತಿ ಸೋಮವಾರ ಬಂದ ಕೂಡಲೇ "ಏಳಪ್ಪಾ ಅಳಿಯ ದೇವರೇ" ಎಂದು ಮೊದಲು ಅವನನ್ನು ಎಬ್ಬಿಸಿ, ತೂಗಿ, ಉಪಚಾರ ಮಾಡಿ, ಆಮೇಲೆ ಒಂದು, ಎರಡು, ಮೂರನೇ ತೊಟ್ಟಿ. ಉಳಿದ ಮೂರು ಗುರುವಾರ. ಅಷ್ಟು ಹೊತ್ತಿಗೆ ಸಟ್ಟುಗ ಮೂರು ದಿನ ಒಣಗಿ ರೋಗಾಣು ಸತ್ತಿರುತ್ತಿತ್ತು. ತಮಾಷೆಗೆ ಇಟ್ಟ ಹೆಸರಿಗೆ ತಾನೇ ಮರ್ಯಾದೆ ಮಾಡಲು ಹೋಗಿ ಅಜ್ಜಿಯ ಬಾಯಿಗೆ ಮಣ್ಣು ಹಾಕಿದ್ದಳು.

ಮರಿಗಳಿಗೆ ಆ ಸಟ್ಟುಗ ಸೋಕಿರಲಿಲ್ಲ. ಅಷ್ಟು ಚಿಕ್ಕವನ್ನು ಎಬ್ಬಿಸುವುದು ಮೃದುವಾದ ಕುಂಚದಿಂದ, ಅದೂ ಡಾಕ್ಟರಮ್ಮನೇ. ಈ ಮಾತು ಅವಳಿಗೆ ಹೊಳೆದದ್ದು ಕೇಂದ್ರದಿಂದ ಹೊರಟು ಬಸ್ಸಿನಲ್ಲಿ ಕೂತ ಮೇಲೆ. ಹೊಳೆದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹೇಳಿದರೆ ಮರಿಗಳು ಉಳಿಯುತ್ತವೆ, ತನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನೀರಣ್ಣನ ಬೆನ್ನಿಗೆ ಬರೆ. ಗೊತ್ತಿದ್ದೂ ಅವಳು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಹೋಗಲಿಲ್ಲ. ಮನೆಗೇ ಹೋದಳು. ಹೆದರಿಕೆ ಎಂಬುದು ಅಷ್ಟು ಒಳ್ಳೆಯವರನ್ನೂ ಬಿಡುವುದಿಲ್ಲ.

ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಎಪ್ಪತ್ತೆಂಟು ವರ್ಷ, ಕಣ್ಣು ಮಂದ, ಮೂಗು ಚುರುಕು. ಸೊಸೆ ಒಳಗೆ ಬಂದು ಚಪ್ಪಲಿ ಬಿಡುವ ಸದ್ದಿನಲ್ಲೇ ದಿನದ ವರದಿ ಓದುವವರು.

"ಏನಾಯ್ತೇ?"

"ಏನಿಲ್ಲ ಅತ್ತೆ."

"ಏನಿಲ್ಲ ಅನ್ನೋರು ಹಾಗೆ ಬಾಗಿಲಲ್ಲಿ ನಿಂತ್ಕೊಳಲ್ಲ. ಕೂತ್ಕೋ."

ಚಿಕ್ಕಮ್ಮ ಕೂತಳು. ಕೂತವಳು ಎಲ್ಲವನ್ನೂ ಹೇಳಿದಳು. ಹೇಳುತ್ತ ಸಟ್ಟುಗ ತೆಗೆದು ಮೇಜಿನ ಮೇಲಿಟ್ಟಳು. ಅತ್ತೆ ಅದನ್ನು ಮುಟ್ಟಲು ಹೋದರು, ಸೊಸೆ "ಬೇಡ ಬೇಡ" ಎಂದು ಹಿಂದಕ್ಕೆಳೆದುಕೊಂಡಳು. ಮನುಷ್ಯರಿಗೆ ಬರುವ ರೋಗವಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ.

"ಹೇಳಿದ್ರೆ ಕೆಲಸ ಹೋಗುತ್ತೆ ಅತ್ತೆ."

"ಹೋಗಬಹುದು."

"ಹನ್ನೊಂದು ವರ್ಷ."

"ಹೌದು." ಅತ್ತೆ ಈರುಳ್ಳಿಯ ಸಿಪ್ಪೆ ಒಟ್ಟುಮಾಡಿದರು. "ನಿಮ್ಮ ಮಾವ ಒಂದ್ಸಲ ಒಬ್ಬರ ಮನೆ ಬಾಗಿಲನ್ನ ಅರ್ಧ ಇಂಚು ಗಿಡ್ಡ ಕತ್ತರಿಸಿಬಿಟ್ರು. ಮನೆಯವರು ನೋಡಿ ಗೋಡೆಯೇ ಸೊಟ್ಟ ಇದೆ ಅಂತ ಗಾರೆಯವನನ್ನ ಬೈದ್ರು. ಇವರು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೇ ದಿನ ಹೋಗಿ ನಾನೇ ಕಣ್ರೀ ಅಂತ ಹೇಳಿ ಬಂದ್ರು. ಬಂದು ಆರು ರೊಟ್ಟಿ ತಿಂದ್ರು."

"ಆಮೇಲೆ?"

"ಆಮೇಲೇನು, ಬಾಗಿಲು ಇನ್ನೊಂದು ಮಾಡಿಕೊಟ್ರು. ನೀನೂ ಈಗ ಊಟ ಮಾಡಲ್ಲ ಬಿಡು, ಗೊತ್ತು. ಬೆಳಿಗ್ಗೆ ಹೋಗಿ ಹೇಳಿ ಬಂದು ಮಾಡು."

ಗುರುವಾರ ಬಸ್ಸು ನಿಧಾನವಾಗಿ ಹೋಯಿತು, ಅಥವಾ ಅವಳಿಗೆ ಹಾಗನ್ನಿಸಿತು. ಕೇಂದ್ರದ ಗೇಟು ದಾಟುವಾಗ ಗಂಟೆ ಒಂಬತ್ತೂ ಕಾಲು. ಪಂಪಿನ ಮನೆಯ ಬಾಗಿಲಲ್ಲಿ ನೀರಣ್ಣ ಸ್ಟೂಲು ಹಾಕಿಕೊಂಡು ಕೂತಿದ್ದ. ಅವಳನ್ನು ನೋಡಿ ತಲೆಯಾಡಿಸಿದ. ಅವಳಿಗೆ ತಲೆ ಎತ್ತಲಾಗಲಿಲ್ಲ. ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಸಟ್ಟುಗವನ್ನು ಮೇಜಿನ ಮೇಲಿಟ್ಟು, ನಿಂತಲ್ಲೇ ಹೇಳಿಬಿಟ್ಟಳು.

ಡಾಕ್ಟರಮ್ಮ ಸಿಡಿದರು.

"ಗೋಡೆ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದು ಯಾರಿಗೆ ಚಿಕ್ಕಮ್ಮ? ಗೋಡೆಗಾ? ಅಳಿಯನಂತೆ, ಉಪಚಾರವಂತೆ! ಇದೇನು ನಿಮ್ಮ ಮನೆ ಮದುವೆಯಾ?"

"ತಪ್ಪಾಯ್ತು ಮೇಡಂ."

"ತಪ್ಪಾಯ್ತು ಅಂದ್ರೆ ಅಜ್ಜಿ ದಪ್ಪ ಆಗ್ತಾಳಾ?"

ಚಿಕ್ಕಮ್ಮನ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. ಡಾಕ್ಟರಮ್ಮ ಎದ್ದು ಕಿಟಕಿಯವರೆಗೆ ಹೋಗಿ ಬಂದರು. ಬಂದವರ ದನಿ ಬದಲಾಗಿತ್ತು.

"ಮೊದಲು ಅಳಿಯ. ಆಮೇಲೆ?"

"ಒಂದು, ಎರಡು, ಮೂರು."

"ಯಾವತ್ತೂ ಅದೇ ಸಾಲಾ? ಒಂದ್ಸಲವೂ ತಪ್ಪಿಲ್ವಾ?"

"ಇಲ್ಲ ಮೇಡಂ. ಸಾಲು ತಪ್ಪಿದ್ರೆ ಮಾತಾಡಿಸೋದು ಯಾರನ್ನಾದ್ರೂ ಬಿಟ್ಟುಹೋಗುತ್ತೆ."

"ಮಾತಾಡಿಸೋದು" ಎಂದು ಡಾಕ್ಟರಮ್ಮ ಅದೇ ಪದವನ್ನು ಮತ್ತೆ ಹೇಳಿಕೊಂಡರು. "ಹಿಂದಿನ ಕೋಣೆಗೆ ಇದು ಹೋಗಿದೆಯಾ? ಒಂದೇ ಒಂದು ಸಲ?"

"ನಿಮ್ಮಾಣೆ ಇಲ್ಲ. ಆ ಮರಿಗಳನ್ನ ಮುಟ್ಟೋಕೆ ನನಗೆ ಭಯ."

ಡಾಕ್ಟರಮ್ಮ ತೂಕದ ಫಲಕವನ್ನೇ ಕಿತ್ತು ತರಿಸಿದರು. ಕಾಗದದ ಮೇಲೆ ಬಾಗಿಲು, ಅಳಿಯನ ಕೋಣೆ, ಆರು ತೊಟ್ಟಿ ಬರೆದು ಬಾಣ ಎಳೆದರು. ಒಂದರಲ್ಲಿ ಹೆಚ್ಚು, ಎರಡರಲ್ಲಿ ಕಡಿಮೆ, ಮೂರರಲ್ಲಿ ಇನ್ನೂ ಕಡಿಮೆ. ಒಗಟು ಬಿಡಿಸಿದ ಹಾಗೆ ಕೂತುಕೊಂಡಿತು. ಚಾಕುವಿನಿಂದ ಸಟ್ಟುಗದ ಅಂಚಿನ ಒಂದು ಚೂರು ಕತ್ತರಿಸಿ ಸಣ್ಣ ಸೀಸೆಗೆ ಹಾಕಿದರು. ಮೇಲಿನ ಕಚೇರಿಗೆ ಫೋನು ಮಾಡಿ, ಹತ್ತು ಗಂಟೆಯ ವರದಿ ಕಳಿಸುವುದಿಲ್ಲ, ನಾಲ್ಕು ದಿನ ಬೇಕು ಎಂದು ಜಬರ್ದಸ್ತಾಗಿ ಹೇಳಿದರು.

"ನಾನು ಸಾಮಾನು ತಗೊಂಡು ಹೋಗಲಾ ಮೇಡಂ?" ಎಂದು ಕೇಳಿದಳು ಚಿಕ್ಕಮ್ಮ.

"ಎಲ್ಲಿಗೆ?" ಡಾಕ್ಟರಮ್ಮ ತಲೆ ಎತ್ತಿದರು. "ವರದಿಯಲ್ಲಿ ನಿಮ್ಮ ತಪ್ಪು ಬರೀತೀನಿ, ಬಿಡಲ್ಲ. ಒಂದು ತಿಂಗಳು ಪ್ರಾಣಿ ಮುಟ್ಟಬೇಡಿ, ನೆಲ ತೊಳೀರಿ. ಆದ್ರೆ ಚಿಕ್ಕಮ್ಮ, ನಿನ್ನೆ ಸಂಜೆ ನಾನು ಆ ಹಿಂದಿನ ಕೋಣೇಲಿ ಕೂತು ನಾನೂರ ಹನ್ನೆರಡನ್ನೂ ಒಂದೊಂದಾಗಿ ನೋಡ್ತಾ ಇದ್ದೆ. ಹೇಗೆ ಸಾಯಿಸಲಿ ಅಂತ. ನೀವು ಬಂದು ಹೇಳಿದ್ರಲ್ಲ..." ಮೇಜಿನ ಮೇಲಿದ್ದ ಚಿಕ್ಕಮ್ಮನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. "ಹೋಗಿ, ನೆಲ ತೊಳೀರಿ."

ಅಂದು ಚಿಕ್ಕಮ್ಮ ನೆಲ ತೊಳೆದ ಹಾಗೆ ಆ ನೆಲವನ್ನು ಯಾರೂ ತೊಳೆದಿರಲಾರರು. ಮನೆಗೆ ಹೋಗಿ ಎಷ್ಟು ತಿಂದಳೆಂದು ಅತ್ತೆ ಎಣಿಸಲಿಲ್ಲ, ಅಥವಾ ಎಣಿಸಿಯೂ ಹೇಳಲಿಲ್ಲ.

ಸಟ್ಟುಗದ ಚೂರಿನಲ್ಲಿ ರೋಗಾಣು ಸಿಕ್ಕಿತು. ನೀರಣ್ಣನ ದೀಪಗಳನ್ನು ಹೊರಗಿನವರು ಬಂದು ಪರೀಕ್ಷಿಸಿ, ಹೊಸದರಂತಿವೆ ಎಂದು ಬರೆದು ಹೋದರು. ಹಿಂದಿನ ಕೋಣೆಯ ನೀರಿನಲ್ಲಿ, ಹಿಕ್ಕೆಯಲ್ಲಿ, ಮೂರು ಸಲ ನೋಡಿದರೂ ಏನೂ ಇರಲಿಲ್ಲ. ನೀರಿನ ದಾರಿ ಅಲ್ಲವೆಂದು ಗಟ್ಟಿಯಾದ ಮೇಲೆ ಮೇಲಿನ ಕಚೇರಿ ಮರಿಗಳನ್ನು ಬದುಕಲು ಬಿಟ್ಟಿತು.

ಅಳಿಯನಿಗೂ ಮುಂದಿನ ಹಾಲಿನ ಹಿರಿಯರಿಗೂ ಔಷಧಿ ಶುರುವಾಯಿತು. ಎಲ್ಲರೂ ಉಳಿಯಲಿಲ್ಲ. ಒಂದನೇ ತೊಟ್ಟಿಯಲ್ಲಿ ಇಬ್ಬರು, ಎರಡನೆಯದರಲ್ಲಿ ಒಬ್ಬ ಹೋದರು. ಆ ಮೂರು ಚಿಪ್ಪುಗಳನ್ನು ಚಿಕ್ಕಮ್ಮನೇ ತೊಳೆದು ಕಪಾಟಿನಲ್ಲಿಟ್ಟಳು. ದಿನಾ ಕಣ್ಣಿಗೆ ಬೀಳಲಿ ಎಂದೇ ಎದುರಿಗಿಟ್ಟಳು. ನೆಲ ತೊಳೆಯುವ ತಿಂಗಳು ಮುಗಿದು, ನೀಲಿ ಬಣ್ಣದ ಹೊಸ ಪ್ಲಾಸ್ಟಿಕ್ ಸಟ್ಟುಗ ಹಿಡಿದು ಒಂದನೇ ತೊಟ್ಟಿಯ ಮುಂದೆ ನಿಂತ ದಿನ, ಅಂಚನ್ನು ಬೆರಳಿನಿಂದ ಮೂರು ಸಲ ಸವರಿ ನೋಡಿ, ಅಜ್ಜಿಯ ಅಡಿಗೆ ತೂರಿಸಿದಳು. ಅಜ್ಜಿ ಎದ್ದಳು, ಆದರೆ ಒಂದಿಷ್ಟು ಎಳೆದಾಡಿದ ಮೇಲೆ ಎದ್ದಳು. ಮುಂದಿನ ವಾರ ಇನ್ನೂ ಸ್ವಲ್ಪ ಹಟ. ಅದರ ಮುಂದಿನ ವಾರ ತೊಟ್ಟಿಯ ಮೇಲೆ ಬಗ್ಗಿದವಳಿಗೆ ಪಾಚಿಯನ್ನು ಕೆರೆದು ತಿನ್ನುವ ಸರಸರ ಸದ್ದು ಕೇಳಿತು. ಚಿಕ್ಕಮ್ಮ ಉಸಿರು ಹಿಡಿದು ನಿಂತು ಕೇಳಿದಳು. ಸಂಗೀತ ಕಚೇರಿಗೆ ಹೋದವರೂ ಅಷ್ಟು ಶ್ರದ್ಧೆಯಿಂದ ಕೇಳುವುದಿಲ್ಲ.

"ತಿನ್ನು ತಾಯಿ, ತಿನ್ನು" ಎಂದಳು. "ನನ್ನನ್ನ ಉಳಿಸಿದೆ."

ಹೀಗೆ ಎರಡು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಮರಿಗಳನ್ನು ದೋಣಿಗೆ ಏರಿಸಿದರು. ಒದ್ದೆ ಬಟ್ಟೆ ಹಾಸಿದ ಪೆಟ್ಟಿಗೆಗಳಲ್ಲಿ ನಾನೂರ ಹನ್ನೆರಡೂ ಹೊರಟವು. ಮುಳುಗುವವರು ಅವನ್ನು ಕೆಳಗೆ ಬಂಡೆಯ ಸಂದಿಗಳಲ್ಲಿ ಇಟ್ಟು ಬರುತ್ತಾರೆ. ಡಾಕ್ಟರಮ್ಮ ದೋಣಿ ಹತ್ತುವ ಮೊದಲು ಚಿಕ್ಕಮ್ಮನ ಕೈಗೆ ಒಂದು ಪೊಟ್ಟಣ ಕೊಟ್ಟರು. ಒಳಗೆ ಸಟ್ಟುಗ.

"ಮೂರು ಸಲ ಕುದಿಸಿದ್ದೀನಿ. ಸೀಳಲಿಲ್ಲ ನೋಡಿ, ನಿಮ್ಮ ಮಾವ ಒಳ್ಳೆ ಮರ ಹುಡುಕಿದ್ರು. ಇನ್ನು ಇದು ಅಡುಗೆಮನೆ ಬಿಟ್ಟು ಬಂದ್ರೆ ನಿಮ್ಮನ್ನೂ ಕುದಿಸ್ತೀನಿ."

ದೋಣಿ ಹೊರಟಿತು. ಕಟ್ಟೆಯ ಮೇಲೆ ಉಳಿದವರು ಚಿಕ್ಕಮ್ಮ, ನೀರಣ್ಣ ಇಬ್ಬರೇ. ನೀರಣ್ಣ ಫ್ಲಾಸ್ಕಿನಿಂದ ಮುಚ್ಚಳಕ್ಕೆ ಟೀ ಬಗ್ಗಿಸಿ ಅವಳಿಗೆ ಕೊಟ್ಟ. ಅವಳು ಎರಡು ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿದಳು.

"ನೀರಣ್ಣ, ಆವತ್ತು ನಿಮ್ಮ ನೀರಿನ ಮೇಲೆ ಹಾಕಿದ್ರಲ್ಲ, ನೀವ್ಯಾಕೆ ಒಂದು ಮಾತೂ ಆಡಲಿಲ್ಲ?"

"ಆಡೋಕೇನಿತ್ತು? ನನ್ನ ನೀರು ಸರಿ ಇತ್ತು."

"ಹಾಗಂತ ಹೇಳಬಹುದಿತ್ತಲ್ಲ."

"ಹೇಳಿದ್ರೆ ಮತ್ತೆ ಯಾವುದರಿಂದ ಬಂತು ಅಂತ ಕೇಳ್ತಿದ್ರು." ನೀರಣ್ಣ ಸಮುದ್ರದ ಕಡೆ ನೋಡುತ್ತ ಹೇಳಿದ. "ಕೊಳವೆ ನೋಡೋಕೆ ಅಂತ ನಾನು ಸೋಮವಾರ ಹಾಲಿಗೆ ಬರ್ತೀನಲ್ಲ. ನಿನ್ನ ಮರದ ಸಟ್ಟುಗ ನನ್ನ ಕಣ್ಣಿಗೆ ಬಿದ್ದು ಎಷ್ಟೋ ಕಾಲ ಆಗಿತ್ತು."

ಚಿಕ್ಕಮ್ಮ ಟೀ ಮುಚ್ಚಳವನ್ನು ಕಟ್ಟೆಯ ಮೇಲಿಟ್ಟು ಅವನ ಕಡೆ ತಿರುಗಿದಳು.

"ಗೊತ್ತಿತ್ತಾ ನಿಮಗೆ? ಮೊದಲಿಂದಲೂ?"

"ಅಳಿಯನಿಗೂ ರೋಗ ಇದೆ ಅಂತ ಡಾಕ್ಟರಮ್ಮ ಅಂದ ಕೂಡಲೇ ಗೊತ್ತಾಯ್ತು. ನಿನಗಿನ್ನೂ ಹೊಳೆದಿರಲಿಲ್ಲ, ನಿನ್ನ ಮುಖ ನೋಡಿದೆ. ಮಧ್ಯಾಹ್ನ ಆ ಫಲಕದ ಮುಂದೆ ನಿಂತಿದ್ದೆಯಲ್ಲ, ಆಗ ಹೊಳೀತು. ಅದನ್ನೂ ನೋಡಿದೆ."

"ಮತ್ತೆ ನೀವೇ ಯಾಕೆ ಹೇಳಲಿಲ್ಲ? ನಾನು ಹೇಳದೇ ಇದ್ದಿದ್ರೆ? ನಾನು ಮನೆಗೇ ಹೋಗಿಬಿಟ್ಟೆ ನೀರಣ್ಣ, ಆವತ್ತು ಹೇಳದೇ ಮನೆಗೆ ಹೋಗಿಬಿಟ್ಟೆ!"

"ಹತ್ತು ಗಂಟೆಗೆ ತಾನೇ ವರದಿ? ಹತ್ತಕ್ಕೆ ಐದು ನಿಮಿಷ ಇರೋವರೆಗೆ ಕಾಯೋಣ ಅಂದ್ಕೊಂಡಿದ್ದೆ. ಆಗಲೂ ನೀನು ಬರದಿದ್ರೆ ನಾನೇ ಹೋಗಿ ಹೇಳ್ತಿದ್ದೆ. ಮರಿಗಳು ಸಾಯೋಕೆ ಬಿಡ್ತಿದ್ನಾ?" ಅವನು ಇನ್ನೊಂದು ಗುಟುಕು ಟೀ ಕುಡಿದ. "ನಾನು ಹೇಳಿದ್ರೆ ನೀನು ಸಿಕ್ಕಿಬಿದ್ದವಳು ಆಗ್ತಿದ್ದೆ. ನೀನು ಹೇಳಿದ್ರೆ ಹೇಳಿದವಳು. ಸ್ಟೂಲು ಹಾಕ್ಕೊಂಡು ಕೂತಿದ್ದೆ. ನೀನು ಒಂಬತ್ತೂ ಕಾಲಿಗೆ ಬಂದೆ."

ದೋಣಿ ಚುಕ್ಕೆಯಷ್ಟಾಗಿತ್ತು. ಚಿಕ್ಕಮ್ಮ ಏನೋ ಹೇಳಲು ಬಾಯಿ ತೆರೆದಳು. ಹನ್ನೊಂದು ವರ್ಷ ಮೂಕಪ್ರಾಣಿಗಳ ಜೊತೆ ಬಿಡುವಿಲ್ಲದೆ ಮಾತಾಡಿದವಳಿಗೆ ಎದುರಿಗಿದ್ದ ಮನುಷ್ಯನಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ಕೊನೆಗೆ ಪೊಟ್ಟಣ ಬಿಚ್ಚಿ, ಅಂಚಿನಲ್ಲಿ ಚೂರು ಹಾರಿಹೋದ ಸಟ್ಟುಗವನ್ನು ಅವನ ಮುಂದೆ ಹಿಡಿದಳು.

"ಭಾನುವಾರ ಮನೆಗೆ ಊಟಕ್ಕೆ ಬನ್ನಿ ನೀರಣ್ಣ. ಇದರಲ್ಲೇ ಬಡಿಸ್ತೀನಿ. ಎಲ್ಲರಿಗಿಂತ ಮೊದಲು ನಿಮಗೇ."